ಎಮ್ಮೆ ಮೂಸಿ ಬಿಟ್ಟ ಹುಲ್ಲು

ಹುಲ್ಲಿನ ವಿಷಯದಲ್ಲಿ ನಮ್ಮ ಕಾಕಾನಷ್ಟು ತಿಳಿದವರು ಹಾವೇರಿ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಅವನ ಅಂಗಳದ ಹುಲ್ಲನ್ನು ದನ ತಿನ್ನುವುದಿಲ್ಲ ಎಂಬುದೊಂದೇ ಅದರ ಕೊರತೆ. ಪಕ್ಕದ ಮನೆಯ ಎಮ್ಮೆ ಒಮ್ಮೆ ಆಸೆಯಿಂದ ಒಳಗೆ ಬಂದು, ಮೂಸಿ, ಕಾಕಾನ ಮುಖವನ್ನು ಒಂದು ಗಳಿಗೆ ನೋಡಿ ಹೊರಟುಹೋಯಿತು. ಅಂದಿನಿಂದ ಅದು ಹೊಲದ ಹುಲ್ಲನ್ನೂ ಎರಡೆರಡು ಸಲ ಮೂಸಿಯೇ ತಿನ್ನುತ್ತದೆ ಎಂದು ಅದರ ಯಜಮಾನರ ದೂರು.

ಕಾಕಾನದು ಬ್ಯಾಡಗಿಯಲ್ಲಿ ಗೋಣಿಚೀಲದ ಅಂಗಡಿ. ಮೆಣಸಿನಕಾಯಿ ವ್ಯಾಪಾರಿಗಳಿಗೆ ಚೀಲ ಮಾರುತ್ತಾನೆ, ಅವರ ಹಳೆಯ ಚೀಲ ಕೊಳ್ಳುತ್ತಾನೆ. ಮನೆ ಊರಂಚಿನಲ್ಲಿ, ಅಪ್ಪಟ ಎರೆ ನೆಲದ ಮೇಲೆ. ಎರೆ ನೆಲದ ಗುಣ ಗೊತ್ತಲ್ಲ? ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಕಾಲು ಬಿಡುವುದಿಲ್ಲ.

ಒಂದು ಮಳೆಗಾಲದ ಬೆಳಗ್ಗೆ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಅಂಗಳಕ್ಕೆ ಸಗಣಿ ನೀರಿನ ಥಳಿ ಹೊಡೆಯಲು ಹೋಗಿ ಜಾರಿ ಬಿದ್ದಳು. ಬಕೀಟು ಒಂದು ಕಡೆ, ಚಿಗವ್ವ ಒಂದು ಕಡೆ. ಸೊಂಟಕ್ಕೆ ರಾಡು ಹಾಕಿದರು. ಎಲುಬು ಕೂಡಿದೆ, ಇನ್ನು ಧಾರಾಳವಾಗಿ ನಡೆಯಲಿ ಎಂದು ಡಾಕ್ಟರು ಹೇಳಿದರು. ಆದರೆ ಹೆದರಿಕೆಗೆ ಎಕ್ಸರೇ ಇಲ್ಲವಲ್ಲ. ಮದುವೆಯಾಗಿ ಬಂದಂದಿನಿಂದ ತಪ್ಪದೆ ಥಳಿ ಹೊಡೆದು ರಂಗೋಲಿ ಹಾಕಿದವಳು ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಒಳಗೆ ಕುರ್ಚಿ ಹಾಕಿಕೊಂಡು, ಸೊಸೆಯ ರಂಗೋಲಿಯನ್ನು ದೂರದಿಂದಲೇ ತಿದ್ದುತ್ತ ಕೂತಳು.

ಅದಾದ ಮೇಲೆ ರಾಣೆಬೆನ್ನೂರಿನಲ್ಲಿ ಒಂದು ಮದುವೆ. ಎಲ್ಲರೂ ವಧುವರರ ಮೇಲೆ ಅಕ್ಕಿಕಾಳು ಹಾಕುತ್ತಿದ್ದರೆ ಕಾಕಾ ಬಾಗಿಲ ಬಳಿ ಬೊಗ್ಗಿ, ಅಲ್ಲಿ ಹಾಸಿದ್ದ ಪ್ಲಾಸ್ಟಿಕ್ ಹುಲ್ಲನ್ನು ಜಗ್ಗಿ ನೋಡುತ್ತಿದ್ದ. ಹೊರಗೆ ಮಳೆ. ಹೆಂಗಸರು ಅದರ ಮೇಲೆ ನಡೆದು ಬರುತ್ತಿದ್ದರೂ ಒಬ್ಬರೂ ಜಾರಲಿಲ್ಲ, ಒಬ್ಬರ ಕಾಲಿಗೂ ಕೆಸರಿಲ್ಲ. ಕಾಕಾ ಊಟಕ್ಕೂ ನಿಲ್ಲದೆ ಆ ಹುಲ್ಲು ಮಾರುವ ಅಂಗಡಿ ಹುಡುಕಿಕೊಂಡು ಹೋದ. ಹೋಳಿಗೆ ಊಟ ಬಿಟ್ಟು ಹೋದವನನ್ನು ನಾವು ಆಗಲೇ ಯಾರಿಗಾದರೂ ತೋರಿಸಬೇಕಿತ್ತು.

"ಇದೆಲ್ಲಾ ಯಾಕ, ಕಾಕಾ?" ಎಂದು ಕೇಳಿದೆ.

"ಕೆಸರಾಗ ಚಪ್ಪಲಿ ಭಾಳ ಹಾಳಾಗ್ತಾವಪಾ," ಎಂದ. ಚಿಗವ್ವನ ಹೆಸರೇ ಎತ್ತಲಿಲ್ಲ.

ಮೊದಲ ಪ್ರಯತ್ನ ಸರಳವಾಗಿತ್ತು. ಹುಲ್ಲಿನ ಸುರುಳಿಯನ್ನು ಎರೆ ಮಣ್ಣಿನ ಮೇಲೆ ಚಾಪೆಯಂತೆ ಹಾಸಿದ. ಮಳೆ ಬಂದಿತು. ನೀರು ಇಳಿಯಲು ದಾರಿಯಿಲ್ಲದೆ ಕೆಳಗೇ ನಿಂತು, ಅಂಗಳ ಗಾದಿಯಂತೆ ಉಬ್ಬಿತು. ಈ ಮೂಲೆಯಲ್ಲಿ ಕಾಲಿಟ್ಟರೆ ಆ ಮೂಲೆ ಏಳುತ್ತಿತ್ತು. ಚಿಗವ್ವ ಹೊಸ್ತಿಲೊಳಗಿಂದಲೇ ನೋಡಿ ಹೇಳಿದಳು: "ಮೊದಲ ಬರೇ ಜಾರತಿತ್ತು. ಈಗ ತೇಲತೈತಿ."

ಹುಲ್ಲು ಮುಖ್ಯವಲ್ಲ, ಅದರ ಕೆಳಗಿನ ನೀರು ಮುಖ್ಯ ಎಂಬ ಜ್ಞಾನೋದಯ ಕಾಕಾನಿಗೆ ಆದದ್ದು ಆಗ. ಅಂಗಳದ ನಡುವೆ ತಗ್ಗು ತೋಡಿ, ಕೊಡದಿಂದ ನೀರು ತುಂಬಿ, ಅದು ಎಷ್ಟು ಹೊತ್ತಿಗೆ ಇಂಗುತ್ತದೆ ಎಂದು ನೋಡುತ್ತ ಕೂತ. ಅದೇ ಹೊತ್ತಿಗೆ ಅವನ ಮಗಳನ್ನು ನೋಡಲು ಕದರಮಂಡಲಗಿಯಿಂದ ಗಂಡಿನ ಕಡೆಯವರು ಬಂದರು. ಕಾಕಾ ಅವರನ್ನು ಒಳಗೆ ಬಿಡಲಿಲ್ಲ. ತಗ್ಗಿನ ಸುತ್ತ ನಿಲ್ಲಿಸಿ, "ಸ್ವಲ್ಪ ತಡೀರಿ, ಇಳಿಯಾಕತ್ತೈತಿ," ಎಂದ. ಒಳಗೆ ಉಪ್ಪಿಟ್ಟು ಆರಿತು. ಹುಡುಗಿ ಮೂರನೆಯ ಸಲ ಸೆರಗು ಸರಿಮಾಡಿಕೊಂಡಳು. ನೀರು ಇದ್ದಲ್ಲೇ ಇತ್ತು. ಕೊನೆಗೆ ಹುಡುಗನ ತಂದೆ ಬೊಗ್ಗಿ ನೋಡಿ, "ನಮ್ಮ ಹಿತ್ತಲದಾಗೂ ಇದ ಮಣ್ಣ ಐತ್ರಿ. ದಸರಾಕ್ಕ ಬಂದು ನೋಡಿದ್ರೂ ಈ ನೀರು ಹಿಂಗ ಇರತೈತಿ," ಎಂದರು. ಹುಡುಗಿ ನೋಡಲು ಬಂದವರು ತಗ್ಗು ನೋಡಿಯೇ ಸಂಬಂಧ ಒಪ್ಪಿಕೊಂಡು ಹೋದರು.

ಮುಂದಿನ ಪ್ರಯತ್ನ ಶಾಸ್ತ್ರೋಕ್ತ. ಮೇಲಿನ ಎರೆ ಮಣ್ಣನ್ನೆಲ್ಲ ತೆಗೆಸಿ, ನೆಲಕ್ಕೆ ರಸ್ತೆಯ ಗಟಾರದ ಕಡೆ ಇಳಿಜಾರು ಕೊಟ್ಟು, ತೂತಿನ ಪೈಪು ಹಾಕಿ, ಜಲ್ಲಿಕಲ್ಲಿನ ಖಡಿ ತುಂಬಿ, ಕಲ್ಲುಪುಡಿ ಹರವಿ ದಮ್ಮಸು ಮಾಡಿಸಿದ. ಎಲ್ಲವೂ ಸರಿ. ಆದರೆ ಮಣ್ಣಿಗೂ ಖಡಿಗೂ ನಡುವೆ, ನೀರು ಬಿಟ್ಟು ಮಣ್ಣು ತಡೆಯುವ ಒಂದು ಬಟ್ಟೆ ಹಾಸಬೇಕಂತೆ. ಹುಲ್ಲಿನ ಅಂಗಡಿಯವನು ಮೊದಲೇ ಅದರ ಸುರುಳಿ ತೋರಿಸಿದ್ದ. ಕಾಕಾನ ಮಾನಕ್ಕೆ ಪೆಟ್ಟಾಗಿತ್ತು. "ಚೀಲದಂಗಡಿ ಇಟ್ಟಾವ ಬಟ್ಟಿ ಕೊಳ್ಳಬೇಕೇನು?" ಎಂದವನೇ ತನ್ನ ಅಂಗಡಿಯ ಹಳೆಯ ಮೆಣಸಿನಕಾಯಿ ಚೀಲ ಬಿಚ್ಚಿ ಖಡಿಯ ಅಡಿಗೆ ಹಾಸಿಬಿಟ್ಟಿದ್ದ.

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಮಳೆ ಬಿದ್ದದ್ದೇ ತಡ, ಕಾಕಾನ ಪೈಪಿನಿಂದ ಗಟಾರಕ್ಕೆ ಕೆಂಪು ನೀರು ಹರಿಯಿತು. ಓಣಿಯವರು ಓಡಿ ಬಂದು ಬಾಗಿಲಲ್ಲಿ ನಿಂತರು. "ಒಳಗ ಯಾರಿಗೇನ ಆಗೈತ್ರಿ?" ಎಂದು ಒಬ್ಬರು ಮೆಲ್ಲಗೆ ಕೇಳಿದರು. ಬಿಸಿಲು ಬಿದ್ದ ಮೇಲೆ ಆ ಕಡಿಮೆ ಖಾರವೂ ಮೇಲೇರಿ ಬಂದವರೆಲ್ಲ ಸೀನತೊಡಗಿದರು. ಕಾಕಾನೂ ಸೀನುತ್ತಲೇ, "ನೀರು ಹರೀತೋ ಇಲ್ಲೋ, ಅದನ್ನ ಹೇಳ್ರಿ," ಎಂದ. ನೀರು ಹರಿದದ್ದು ನಿಜ.

ಎಲ್ಲ ಕಿತ್ತು, ಅಂಗಡಿಯವನ ಬಟ್ಟೆಯನ್ನೇ ತಂದು ಹಾಸಿ, ಮತ್ತೆ ಮಾಡಿಸಿದ. ಈ ಸಲ ಅಂಗಳ ಸಿದ್ಧವಾಯಿತು, ಕಾನೂನುಗಳೂ ಸಿದ್ಧವಾದವು. ಚಪ್ಪಲಿ ರಸ್ತೆಯಲ್ಲೇ ಬಿಡಬೇಕು. ಕರೆಂಟಿನ ಮೀಟರು ನೋಡುವವನೂ ಗುಡಿಗೆ ಬಂದವನಂತೆ ಬರಿಗಾಲಲ್ಲಿ ಬರತೊಡಗಿದ. ದಿನಾ ಸಂಜೆ ಕಾಕಾ ಹುಲ್ಲಿನ ಮೇಲೆ ಒಂದು ಕೊಡ ನೀರು ಸುರುವಿ, ಧೋತರ ಎತ್ತಿ ಕಟ್ಟಿ, ಅದರ ಮೇಲೆ ಕುಣಿಯುತ್ತಿದ್ದ. "ನೀರು ನಿಲ್ಲೂದಿಲ್ಲ. ಜಾರೂದೂ ಇಲ್ಲ," ಎಂದು ಆಕಾಶಕ್ಕೆ ಹೇಳುತ್ತಿದ್ದ. ಆಕಾಶ ಸುಮ್ಮನಿರುತ್ತಿತ್ತು. ಹೊಸ್ತಿಲೊಳಗಿನ ಕುರ್ಚಿಯೂ ಸುಮ್ಮನಿರುತ್ತಿತ್ತು. ಕಾಕಾ ಕೊಡ ಎತ್ತಿಕೊಂಡು ಒಳಗೆ ಹೋಗುವಾಗ ಅವನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಒಮ್ಮೆ ನಾನು ಅಲ್ಲೇ ಉಳಿದಿದ್ದಾಗ ರಾತ್ರಿಯೆಲ್ಲ ಜೋರು ಮಳೆ ಸುರಿಯಿತು. ಬೆಳಗ್ಗೆ ಹೊರಗೆ ಸಪ್ಪಳವಾಯಿತೆಂದು ಎದ್ದು ಬಂದೆ. ಚಿಗವ್ವ ಅಂಗಳದಲ್ಲಿ ನಿಂತಿದ್ದಳು. ಬರಿಗಾಲು. ಒಂದು ಕೈ ತುಳಸಿಕಟ್ಟೆಯ ಮೇಲೆ, ಪಕ್ಕದಲ್ಲಿ ಬಕೀಟು. ಚರಿಗೆಯಿಂದ ಸಗಣಿ ನೀರು ತೋಡಿ ತೋಡಿ, ಕಾಕಾನ ಹಸಿರು ಹುಲ್ಲಿಗೆ ಥಳಿ ಹೊಡೆಯುತ್ತಿದ್ದಳು.

ಕಾಕಾ ಹಲ್ಲುಜ್ಜುತ್ತ ಹೊರಗೆ ಬಂದವನು ಹಾಗೆಯೇ ನಿಂತ.

"ಅಂಗಳ ಅಂದಮ್ಯಾಲೆ ಥಳಿ ಬ್ಯಾಡೇನ್ರಿ?" ಎಂದಳು ಚಿಗವ್ವ, ತಿರುಗಿ ನೋಡದೆ.

ಕಾಕಾ ಥಳಿ ಬಿದ್ದ ಹುಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಆಮೇಲೆ, "ಆ ಮೂಲಿ ಉಳದೈತಿ ನೋಡು," ಎಂದು ನಳದ ಕಡೆ ಮುಖ ತಿರುಗಿಸಿದ. ಮುಖ ತೊಳೆದೇ ತೊಳೆದ.

ಈಗ ಅವನ ಭಾನುವಾರಗಳು ಹುಲ್ಲಿನ ಅಂಚು ಮಡಚಿ, ಬಿದಿರು ಕಡ್ಡಿ ಹಾಕಿ ಪೈಪು ತಿವಿಯುವುದರಲ್ಲೇ ಕಳೆಯುತ್ತವೆ. ಮೊನ್ನೆ ಹೇಳಿದೆ, "ಕಾಕಾ, ಹಿಂಗ ದಿನಾ ಸಗಣಿ ಹಾಕಿದ್ರ ಪೈಪು ಕಟ್ಕೋತೈತಿ."

"ಕಟ್ಕೊಳ್ಳಲಿ ಬಿಡಪಾ," ಎಂದ ಕಾಕಾ, ಕಡ್ಡಿ ಒಳಗೆ ತಳ್ಳುತ್ತ. "ಪೈಪು ಬಿಡಸಾಕ ನಾ ಅದೀನಿ. ಆಕಿ ಅಂಗಳಕ್ಕ ಇಳದಾಳಲ್ಲ."