ಸವೆದ ಬೆಳ್ಳಿ

ಹಳೆಯ ನಾಣ್ಯ ಗುರುತಿಸುವ ಹುಚ್ಚು ಹಿಡಿದವನಿಗೆ ಮೊದಲು ಹೋಗುವುದು ಕಣ್ಣು, ಆಮೇಲೆ ಮನೆಯೊಳಗಿನ ಮರ್ಯಾದೆ. ನನಗೆ ಎರಡೂ ಒಟ್ಟಿಗೇ ಹೋದವು. ಆಗ ನಾನು ಶಿರಹಟ್ಟಿಯ ಕಚೇರಿಯಲ್ಲಿ ಗುಮಾಸ್ತ. ಸಂಸ್ಥಾನ ಮುಗಿದು ಊರು ಮುಂಬಯಿ ಸರಕಾರಕ್ಕೆ ಸೇರಿತ್ತು. ಕನ್ನಡದವರೆಲ್ಲ ಒಂದಾಗಬೇಕೆಂದು ಗದಗಿನಲ್ಲಿ ಸಭೆಗಳು ನಡೆಯುತ್ತಿದ್ದವು. ಬದುಕಿದ್ದ ರಾಜರೇ ಗಾದಿಯಿಂದ ಇಳಿದ ಆ ಕಾಲದಲ್ಲಿ ನಾನು ಭೂತಗನ್ನಡಿ ಹಿಡಿದು, ಎಂದೋ ಸತ್ತ ರಾಜರನ್ನು ಹುಡುಕುತ್ತಿದ್ದೆ. ಸಿಕ್ಕ ನಾಣ್ಯವನ್ನು ಹುಣಸೆಹಣ್ಣಿನಿಂದ ತಿಕ್ಕಿ ತಿಕ್ಕಿ, ಉಳಿದಿದ್ದ ಗುರುತನ್ನೂ ಅಳಿಸಿ, "ಇಕಾ, ಸೂರ್ಯ" ಎಂದು ಹೆಂಡತಿ ಸುಶೀಲಾಗೆ ತೋರಿಸುತ್ತಿದ್ದೆ. "ಸೂರ್ಯಾ ಅಲ್ರಿ, ಅದು ತೂತು" ಎಂದು ಅವಳು ಒಲೆಯ ಕಡೆ ತಿರುಗುತ್ತಿದ್ದಳು.

ಅವಳಿಗೆ ದಿನ ತುಂಬಿದಾಗ ಬಾಣಂತನಕ್ಕೆಂದು ಸೊರಟೂರಿನಿಂದ ನನ್ನ ಸೋದರತ್ತೆ ಅಂಬಕ್ಕ ಬಂದಳು. ಅವಳ ಸೆರಗಿನ ಗಂಟಿನಲ್ಲಿ ದೇವರ ಪೆಟ್ಟಿಗೆಯ ಒಂದು ಬೆಳ್ಳಿ ಬಿಲ್ಲೆ ಇತ್ತು. ಕಂಡೊಡನೆ ಇಸಿದುಕೊಂಡು ಭೂತಗನ್ನಡಿ ಹಿಡಿದೆ. ಮುದ್ರೆ ಒತ್ತಿದ ಪ್ರಾಚೀನ ನಾಣ್ಯ! ಒಂದು ಬದಿ ಪೂರ್ತಿ ನುಣ್ಣಗಾಗಿತ್ತು. ಇನ್ನೊಂದು ಬದಿಯ ಅಂಚಿನಲ್ಲಿ ಆನೆಯೋ ಗುಡ್ಡವೋ, ಏನೋ ಒಂದು ಗುರುತು.

"ಅತ್ತಿ, ಇದನ್ನ ಇಷ್ಟು ಯಾರು ಸವೆಸ್ಯಾರ?"

"ನಾವ. ಹುಟ್ಟಿದ ಕೂಸಿಗೆ ಜೇನತುಪ್ಪದಾಗ ತೇದು ನೆಕ್ಕಸ್ತೇವಿ. ನನ್ನ ಕೂಸುಗೋಳಿಗೂ ತೇದೆ, ಒಂದೂ ಉಳೀಲಿಲ್ಲ. ನಿನಗ ತೇದೆ, ನೀ ಉಳದಿ."

ಅಂದರೆ ನಾನು ಹುಡುಕುತ್ತಿದ್ದ ರಾಜನ ಒಂದಂಶ ಆಗಲೇ ನನ್ನ ಹೊಟ್ಟೆ ಸೇರಿತ್ತು.

ಸುಶೀಲಾಗೆ ಬೇನೆ ಸುರುವಾದಾಗ ನಾನು ಪಡಸಾಲೆಯಲ್ಲಿ ಆ ನಾಣ್ಯವನ್ನೇ ನೋಡುತ್ತ ಕುಳಿತೆ. ಬೇರೆ ಕಡೆ ನೋಡಲು ಧೈರ್ಯವಿರಲಿಲ್ಲ. ಗಂಡು ಕೂಸು. ಅತ್ತದ್ದು ಬೆಕ್ಕಿನ ಮರಿಯಷ್ಟು. ಅತ್ತೆ ಹೊರಗೆ ಬಂದು ಕೈ ಚಾಚಿದಳು.

"ಜಲ್ದಿ ಕೊಡೋ."

"ಅತ್ತಿ, ನುಣ್ಣಗಾದ ಬದೀನ ತೇಯಿ" ಎಂದೆ.

ಅವಳು ನನ್ನ ಮುಖ ನೋಡಿದಳು. ನಾಣ್ಯ ತೆಗೆದುಕೊಂಡು ಒಳಗೆ ಹೋದಳು. ಕಲ್ಲಿನ ಮೇಲೆ ತೇಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಸಂಜೆಗೆ ಕೂಸು ಹೋಯಿತು. ಅತ್ತೆ ನಾಣ್ಯವನ್ನು ತೊಳೆದು, ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು. ಅಂಚಿನ ಗುರುತು ಹಾಗೆಯೇ ಇತ್ತು. ಆ ಗಡಿಬಿಡಿಯಲ್ಲೂ ಮುದುಕಿ ನನ್ನ ಮಾತು ನಡೆಸಿದ್ದಳು.

ಒಳಗೆ ಹೋಗಿ ಸುಶೀಲಾಳ ಹತ್ತಿರ ಕುಳಿತೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಕೇಳಿದಳು: "ಅದು ಯಾವ ರಾಜಂದ್ರಿ?"

ನನ್ನ ನಾಣ್ಯಗಳ ಬಗ್ಗೆ ಅವಳಾಗಿಯೇ ಕೇಳಿದ್ದು ಅದೇ ಮೊದಲು. ಮನೆ ತುಂಬ ಪಂಡಿತನಂತೆ ಓಡಾಡಿದವನ ಬಾಯಿಗೆ ಒಂದು ಸುಳ್ಳು ಹೆಸರೂ ಬರಲಿಲ್ಲ.