ಮಾವನ ಗಾಲ್ಫ್ ಕೋಲು ಯಾರ ಅಳತೆಗೆ?

ನಮ್ಮ ಸೋದರಮಾವನಿಗೆ ತಲೆ ಸರಿಯಿಲ್ಲ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಎಷ್ಟು ಸರಿಯಿಲ್ಲ ಎಂಬುದರಲ್ಲಿ ಮಾತ್ರ ತಕರಾರು. ಬಂಧುಬಳಗದ ಪ್ರಕಾರ ಕಥೆ ಇಷ್ಟೇ: ಫ್ಯಾಕ್ಟರಿಯ ಮ್ಯಾನೇಜರ್ ಗಾಲ್ಫ್ ಆಡುತ್ತಾರೆಂದು ಇವರಿಗೂ ಹುಚ್ಚು ಹಿಡಿಯಿತು, ಇದ್ದ ಮೂರು ಕೋಲುಗಳಲ್ಲಿ ತಮಗೆ ಒಗ್ಗದ್ದನ್ನೇ ಹುಡುಕಿ ಕೊಂಡರು, ಇವತ್ತಿಗೂ ಒಂದು ಚೆಂಡನ್ನು ನೆಟ್ಟಗೆ ಹೊಡೆದಿಲ್ಲ. ಯಾವ ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ಪಾಯಸಕ್ಕಿಂತ ಮೊದಲು ಈ ಕಥೆ ಬಡಿಸುತ್ತಾರೆ. ನಾನೋ, ಚರ್ಚಾಸ್ಪರ್ಧೆಯಲ್ಲಿ ಗೆದ್ದು ತಂದ ಕಪ್ಪುಗಳಲ್ಲಿ ಅಮ್ಮ ಸಾಸಿವೆ, ಜೀರಿಗೆ ತುಂಬಿಡುವ ಮನೆಯವನು. ಸಾಕ್ಷಿಯಿಲ್ಲದ ತೀರ್ಪನ್ನು ಒಪ್ಪುವುದುಂಟೇ?

ಸಾಕ್ಷಿ ನೋಡೋಣ. ವರ್ಗವಾಗಿ ಹೊರಟ ಮ್ಯಾನೇಜರು ಸಾಮಾನು ಮಾರುವಾಗ ಮೂರು ಡ್ರೈವರ್‌ಗಳನ್ನು, ಎಂದರೆ ಆಟದ ಮೊದಲ ದೂರದ ಹೊಡೆತಕ್ಕೆ ಬಳಸುವ ದಪ್ಪತಲೆಯ ಕೋಲುಗಳನ್ನು, ಒಂದನ್ನು ಆರಿಸಿಕೊಳ್ಳಿ ಎಂದು ಮಾವನ ಕೈಗೆ ಕೊಟ್ಟರು. ಒಂದರ ದಂಡ ಮೆತ್ತಗೆ, ಇನ್ನೊಂದರದು ಮಧ್ಯಮ, ಮತ್ತೊಂದರದು ಗಡಸು. ಬೇರೆಯವರಾಗಿದ್ದರೆ ಹೊಳಪು ನೋಡಿ ಆರಿಸುತ್ತಿದ್ದರು. ಮಾವ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ಪ್ರಿಂಗ್ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್. ಬಾಗಿದ್ದು ವಾಪಸ್ ನೆಟ್ಟಗಾಗದಿದ್ದರೆ ನೆಂಟರನ್ನೂ ರಿಜೆಕ್ಟ್ ಮಾಡುವ ಆಸಾಮಿ! ಮೂರನ್ನೂ ಮನೆಗೆ ತಂದು, ಒಂದೊಂದರ ಹಿಡಿಯನ್ನು ಕಿಟಕಿಯ ಸರಳಿಗೆ ಬಿಗಿದು, ತುದಿಗೆ ರಾಗಿ ಚೀಲ ನೇತುಹಾಕಿ, ಎಷ್ಟು ಬಾಗುತ್ತದೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು.

"ಲೋ, ಒಂದು ಕಾಳು ಚೆಲ್ಲಿದ್ರೂ ನೀನೇ ಆಯ್ಬೇಕು," ಎಂದರು ಅಜ್ಜಿ, ಅಂದರೆ ಮಾವನ ತಾಯಿ.

"ಸುಮ್ನಿರಮ್ಮ. ಬೀಸೋ ಕೈ ಜೋರಾಗಿದ್ರೆ ಗಡಸು ಕೋಲು, ನಿಧಾನ ಆದ್ರೆ ಬಾಗೋ ಕೋಲು. ಅದಲುಬದಲಾದ್ರೆ ಚೆಂಡು ಒಂದು ದಿಕ್ಕು, ನಾವೊಂದು ದಿಕ್ಕು."

"ನೀನು ಹುಟ್ಟಿದಾಗಿಂದ್ಲೂ ಒಂದು ದಿಕ್ಕೇ ಕಣೋ."

ಗಮನಿಸಿ: ನಿಯಮ ಮಾವನಿಗೆ ಬಾಯಿಪಾಠವಾಗಿತ್ತು.

ಮುಂದಿನ ಪರೀಕ್ಷೆ ತಾರಸಿಯಲ್ಲಿ. ಬಟ್ಟೆ ಒಣಹಾಕುವ ಹಗ್ಗಕ್ಕೆ ಹಳೆಯ ಹತ್ತಿ ಹಾಸಿಗೆ ತೂಗುಹಾಕಿ, ಕಾಲುಚೀಲ ಸುತ್ತಿ ಮಾಡಿದ ಚೆಂಡನ್ನು ಅದಕ್ಕೆ ಹೊಡೆಯುವುದು. ಮಾವ ಬೀಸಿದರೆ ನಡುವೆ ಕಾಗೆಯೊಂದು ಕೋಲಿನ ಮೇಲೆ ಕೂತು, ಕೊಕ್ಕು ಉಜ್ಜಿ, ಎದ್ದುಹೋಗುವಷ್ಟು ಸಮಯವಿರುತ್ತಿತ್ತು. ನಾನು ಬೀಸಿದೆ, ಕೋಲು ಕೈಜಾರಿ ಪಕ್ಕದ ಮನೆಯ ಸಂಡಿಗೆಯ ಮೇಲೆ ಬಿತ್ತು. ಆ ಮನೆಯ ಆಂಟಿ ಈಗಲೂ ನನ್ನನ್ನು ಮಾತಾಡಿಸುವುದಿಲ್ಲ.

ಅಷ್ಟರಲ್ಲಿ ಒಣಗಿದ ಬಟ್ಟೆ ತೆಗೆಯಲು ಅತ್ತೆ ಬಂದರು. ಮಾವನ ಹೆಂಡತಿ. ಮದುವೆಗೆ ಮುಂಚೆ ಕಾಲೇಜಿನ ಬಾಲ್ ಬ್ಯಾಡ್ಮಿಂಟನ್ ತಂಡದಲ್ಲಿದ್ದವರು. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಮೈದಾನಕ್ಕೆ ಹೊರಟಾಗ, "ಸೊಸೆ ಬ್ಯಾಟ್ ಹಿಡ್ಕೊಂಡು ಬೀದೀಲಿ ಹೋದ್ರೆ ನೋಡ್ದೋರು ಏನಂತಾರೆ?" ಎಂದು ಅಜ್ಜಿ ಕೇಳಿದರಂತೆ. ಬ್ಯಾಟು ಅಟ್ಟ ಸೇರಿತು. ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ಟೀವಿಯಲ್ಲಿ ಟೆನಿಸ್ ಬಂದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು, ಅಷ್ಟೆ.

"ನೀನೂ ಒಂದ್ಸಲ ಬೀಸು, ಧೂಳಾದ್ರೂ ಹೋಗ್ಲಿ," ಎಂದರು ಮಾವ.

"ನಂಗ್ಯಾಕ್ರೀ ಇವೆಲ್ಲ," ಎನ್ನುತ್ತಲೇ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಮೆತ್ತನೆಯ ಕೋಲನ್ನು ಒಮ್ಮೆ ಬೀಸಿ, "ಇದ್ರ ತಲೆ ನನ್ನ ಕೈಗಿಂತ ಹಿಂದೇನೇ ಉಳಿಯತ್ತೆ," ಎಂದು ಕೆಳಗಿಟ್ಟರು. ಗಡಸಿನದನ್ನು ಎತ್ತಿಕೊಂಡು ಬೀಸಿದರು. ಹಗ್ಗ ಹರಿದು ಹಾಸಿಗೆ ನೆಲಕ್ಕೆ ಬಿತ್ತು.

ಮರುದಿನ ಮಾವ ಗಡಸು ದಂಡದ್ದನ್ನೇ ಕೊಂಡರು. ನಿಮಗೆ ಮೆತ್ತಗಿರುವುದೇ ಸರಿ ಎಂದು ಸ್ವತಃ ಮ್ಯಾನೇಜರು ಹೇಳಿದರೂ ಕೇಳಲಿಲ್ಲ. ಸಾಲದ್ದಕ್ಕೆ ಫ್ಯಾಕ್ಟರಿಗೆ ಒಯ್ದು ಹಿಡಿಯ ಕಡೆಯಿಂದ ನಾಲ್ಕು ಬೆರಳಿನಷ್ಟು ಕತ್ತರಿಸಿ ತಂದರು. ಆರಡಿ ಎತ್ತರದ ಮಾವ ಈಗ ಅದನ್ನು ಹಿಡಿದು ನಿಂತರೆ ಬಿದ್ದ ಅಂಗಿಗುಂಡಿ ಹುಡುಕುವವರಂತೆ ಕಾಣುತ್ತಾರೆ. ಆರಿಸಿದ್ದೂ ತಪ್ಪು, ಅಳತೆಯೂ ತಪ್ಪು ಎಂದು ಬಂಧುಗಳು ನಕ್ಕರು. ಮಾವನೂ ಅವರ ಜೊತೆ ಸೇರಿ ನಕ್ಕರು.

ಇಲ್ಲೇ ನನ್ನ ಆಕ್ಷೇಪ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೆ ಸ್ಪ್ರಿಂಗನ್ನು ಗುಜರಿಗೆ ಎಸೆಯುವ ಮನುಷ್ಯ ಒಂದೇ ಕೋಲಿನಲ್ಲಿ ಎರಡು ಅಳತೆ ತಪ್ಪುತ್ತಾನೆಯೇ? ಯಾರ ಅಳತೆ ಎಂದು ಒಬ್ಬರಾದರೂ ಕೇಳಿದರೇ? ಗಡಸು ಅತ್ತೆಯ ಕೈಗೆ ಸರಿ, ಕತ್ತರಿಸಿ ಉಳಿದ ಉದ್ದ ಮಾವನ ಭುಜಕ್ಕೆ ಬರುವ ಅತ್ತೆಯ ಎತ್ತರಕ್ಕೆ ಸರಿ. ಬ್ಯಾಟು ತಂದಿದ್ದರೆ ಅಜ್ಜಿ ಗುರುತು ಹಿಡಿಯುತ್ತಿದ್ದರು. ಗಂಡಸಿನ ಹುಚ್ಚಿಗೆಂದು ಬಂದ ಕೋಲನ್ನು ಯಾರು ವಿಚಾರಿಸುತ್ತಾರೆ? ಮಾವನನ್ನು ನೋಡಿ ಎಲ್ಲರೂ ನಗುತ್ತಿರುವಷ್ಟು ದಿನ ಅತ್ತೆಯ ಕಡೆ ಯಾರ ಕಣ್ಣೂ ಹೋಗದು.

ಈಗ ಸಂಜೆಯಾದರೆ ತಾರಸಿಯಿಂದ ಧಪ್, ಧಪ್ ಸದ್ದು. ಕೆಳಗೆ ಹೂಬತ್ತಿ ಹೊಸೆಯುತ್ತ ಅಜ್ಜಿ ಪಕ್ಕದ ಮನೆಯ ಆಂಟಿಗೆ ಹೇಳುತ್ತಾರೆ: "ನಮ್ಮ ಸೊಸೆ ಹಾಸಿಗೆ ಧೂಳು ಹೊಡೆಯೋದು ಕೇಳಿಸ್ತಾ? ಇಂಥ ಚೊಕ್ಕಟ ಈ ಬ್ಲಾಕಲ್ಲೇ ಇಲ್ಲ."

ಮೊನ್ನೆ ಮೇಲೆ ಹೋಗಿ ಇಣುಕಿದೆ. ಅತ್ತೆ ಹೊಡೆಯುತ್ತಿದ್ದರು. ಮಾವ ನೀರಿನ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಉರುಳಿ ಬಂದ ಚೆಂಡನ್ನು ಹೆಕ್ಕಿ ಹೆಕ್ಕಿ ಅವರ ಕಾಲ ಬಳಿ ಇಡುತ್ತಿದ್ದರು. ಅತ್ತೆ ನಗುತ್ತಿದ್ದರು. ಆ ಮನೆಯಲ್ಲಿ ಅವರು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ.

ವಾದ ಗೆದ್ದೆನೆಂದು ಬೀಗುತ್ತ ಕೆಳಗಿಳಿದರೆ ಅಜ್ಜಿ ಕರೆದರು.

"ಅಂಗಡಿ ಕಡೆ ಹೋದ್ರೆ ದಪ್ಪ ನಾರಿನ ಹಗ್ಗ ತಂದ್ಕೊಡೋ. ಮೇಲಿರೋದು ಅವಳ ಏಟಿಗೆ ತಡೆಯಲ್ಲ. ಹಾಸಿಗೇಲಿ ಇನ್ನೂ ಬೇಕಾದಷ್ಟು ಧೂಳಿದೆ."

ನನ್ನ ಮುಖ ನೋಡದೆ ಮತ್ತೆ ಬತ್ತಿ ಹೊಸೆಯತೊಡಗಿದರು.

ಹಗ್ಗ ತರಲು ಹೊರಟವನು ಮನಸ್ಸಿನಲ್ಲೇ ಕೇಳಿದೆ: ಅಜ್ಜೀ, ತಿಂಗಳುಗಟ್ಟಲೆ ದಿನಾ ಹೊಡೆದ ಹಾಸಿಗೇಲಿ ಇನ್ನೂ ಧೂಳು ಎಲ್ಲಿಂದ ಬರಬೇಕು?