ಸಾವಿರ ಕಂಬ ಎಣಿಸಲು ಹೋದವರು

ತನ್ನ ಬೆನ್ನು ತನಗೆ ಕಾಣುವುದಿಲ್ಲ ಎಂಬ ಮಾತನ್ನು ಮೊದಲು ಯಾರು ಹೇಳಿದರೋ ಗೊತ್ತಿಲ್ಲ, ನಮ್ಮ ಕಸುಬಿನವರನ್ನು ನೋಡಿಯೇ ಹೇಳಿರಬೇಕು. ನಾನು ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಮನೋಚಿಕಿತ್ಸಕಿ. ಮದ್ದು ಬರೆಯುವವಳಲ್ಲ. ಬಂದವರನ್ನು ಕೂರಿಸಿ, ಮಾತಾಡಿಸಿ, ಕೇಳಿಸಿಕೊಂಡು ಮನಸ್ಸಿನ ಗಂಟು ಬಿಡಿಸುವುದು ನನ್ನ ಕೆಲಸ. ಹೀಗೆ ಬೇರೆಯವರ ಗಂಟು ಬಿಡಿಸುವವರು ತಮ್ಮ ಗಂಟು ಬಿಡಿಸಿಕೊಳ್ಳಲು ಇನ್ನೊಬ್ಬ ಚಿಕಿತ್ಸಕರ ಮುಂದೆ ಹೋಗಿ ಕೂರುವುದು ನಮ್ಮಲ್ಲಿ ಒಳ್ಳೆಯ ಕ್ರಮ. ನಾನೂ ಹೋಗುತ್ತೇನೆ, ನನ್ನ ಹತ್ತಿರವೂ ಬರುತ್ತಾರೆ. ಹೀಗೆ ಹೋಗುವವರು ಬರುವವರು ಇದ್ದಲ್ಲಿ ನಗುವಂಥದ್ದು ಏನಾದರೂ ಆಗುತ್ತಲೇ ಇರುತ್ತದೆ.

ಇದನ್ನೆಲ್ಲ ಈಗ ಹೆಮ್ಮೆಯಿಂದಲೇ ಹೇಳುತ್ತೇನೆ. ಮೊದಲು ಹೇಳುವ ಧೈರ್ಯ ಇರಲಿಲ್ಲ, ಕಾರಣ ಅಮ್ಮ. ‘ನನ್ನ ಮಗಳು ಸೂಜಿ ಚುಚ್ಚದೆ, ಮಾತ್ರೆ ಕೊಡದೆ ಜನರ ತಲೆ ಸರಿ ಮಾಡ್ತಾಳೆ’ ಎಂದು ಅಮ್ಮ ತಾಲೂಕಿಡೀ ಹೇಳಿಕೊಂಡು ಬಂದಿದ್ದರು. ಆ ಮಗಳೇ ತಲೆ ಸರಿ ಮಾಡಿಸಿಕೊಳ್ಳಲು ಇನ್ನೊಂದು ಊರಿಗೆ ಹೋಗುತ್ತಾಳೆ ಎಂದು ಗೊತ್ತಾದರೆ ಅಮ್ಮ ನಾಲ್ಕು ಜನರ ಎದುರು ತಲೆ ಎತ್ತುವುದು ಹೇಗೆ? ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಉಳಿದದ್ದೇ ಆ ಒಂದು ಹೆಮ್ಮೆ. ಅದಕ್ಕೆ ನನ್ನಿಂದ ಪೆಟ್ಟು ಬೀಳಬಾರದು ಎಂದು ಎಲ್ಲವನ್ನೂ ಗುಟ್ಟಾಗಿ ಇಟ್ಟಿದ್ದೆ.

ಸಂಬಂಧ

ನಮ್ಮ ಕಸುಬಿನಲ್ಲಿ ಒಂದು ನಿಯಮ ಉಂಟು. ಸಂಬಂಧಿಕರಿಗೆ ಚಿಕಿತ್ಸೆ ಕೊಡಬಾರದು, ಸಂಬಂಧಿಕರಿಂದ ತೆಗೆದುಕೊಳ್ಳಲೂಬಾರದು. ಈ ನಿಯಮ ಮಾಡಿದವರು ನಮ್ಮ ಊರಿನ ಕಡೆ ಬಂದವರಲ್ಲ. ಇಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರ ಜೊತೆ ಎರಡು ಸ್ಟಾಪು ಮಾತಾಡಿದರೆ ಅವರು ಚಿಕ್ಕಮ್ಮನ ಕಡೆಯಿಂದಲೋ ಅತ್ತೆಯ ಕಡೆಯಿಂದಲೋ ನೆಂಟರಾಗಿಯೇ ಇಳಿಯುತ್ತಾರೆ.

ಅಪ್ಪ ಹೋಗಿ ಕೆಲವು ತಿಂಗಳಾಗಿತ್ತು. ಎದುರು ಕೂತವರು ಅತ್ತರೆ ಕರವಸ್ತ್ರ ಕೊಡುತ್ತಿದ್ದೆ, ನನಗೆ ಮಾತ್ರ ಅಳು ಬರುತ್ತಿರಲಿಲ್ಲ. ಎದೆಯಲ್ಲಿ ಏನೋ ಕಟ್ಟಿಕೊಂಡ ಹಾಗೆ ಇರುತ್ತಿತ್ತು. ಫರಂಗಿಪೇಟೆಯ ಹತ್ತಿರ ಒಬ್ಬ ಹಿರಿಯ ಚಿಕಿತ್ಸಕರು ಇದ್ದಾರೆ ಎಂದು ಕೇಳಿ ಅವರಲ್ಲಿಗೆ ಹೋದೆ. ಗಂಭೀರವಾಗಿ ಕೂರಿಸಿದರು. ಗಂಭೀರವಾಗಿ ಒಂದು ಪ್ರಶ್ನೆ ಕೇಳಿದರು.

“ನಿಮ್ಮದು ಯಾವ ಮನೆ ಆಯ್ತು?”

ಹೇಳಿದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. “ಹಾಗಾದ್ರೆ ನಿನ್ನ ಅಜ್ಜಿಯ ತಂಗಿಯನ್ನು ಕೊಟ್ಟದ್ದು ನಮ್ಮ ಮನೆಗೇ ಅಲ್ವಾ ಮಾರಾಯ್ತಿ?” ಎಂದು ಎದ್ದು ನಿಂತು ಒಳಗೆ ಮುಖ ಮಾಡಿ ಕರೆದರು. “ಏ ಇವಳೇ, ಯಾರು ಬಂದಿದ್ದಾರೆ ನೋಡು.”

ಚಿಕಿತ್ಸೆ ಅಲ್ಲಿಗೆ ನಿಂತಿತು. ಅವರ ಹೆಂಡತಿ ಬೆಲ್ಲ, ನೀರು ತಂದರು. ಆಮೇಲೆ ನೀರುದೋಸೆ ಬಂತು, ಅದರ ಹಿಂದೆಯೇ ಕೋಳಿ ಸಾರು ಬಂತು. ಎದೆ ಹಗುರ ಮಾಡಿಕೊಳ್ಳಲು ಹೋದವಳು ಹೊಟ್ಟೆ ಭಾರ ಮಾಡಿಕೊಂಡು ಬಂದೆ.

ಯೋಚಿಸಿ ನೋಡಿದಾಗ ಮೂಡುಬಿದಿರೆಯ ಮೇಡಂ ನೆನಪಾದರು. ನಮ್ಮ ಕಸುಬಿನ ಒಂದು ತರಬೇತಿಯಲ್ಲಿ ಪರಿಚಯ ಆದವರು, ಕರಾವಳಿಯ ಮುಸ್ಲಿಮರಲ್ಲಿ ಬ್ಯಾರಿ ಮನೆತನದವರು. ನನ್ನ ಕಷ್ಟ ಹೇಳಿದಾಗ ನಕ್ಕರು. “ನನ್ನದೂ ಅದೇ ಕತೆ. ನಾನು ಯಾರ ಹತ್ತಿರ ಹೋದರೂ ಅವರು ನಮ್ಮ ಮಾವನ ಮಗನೋ ಚಿಕ್ಕಪ್ಪನ ಮಗಳೋ ಆಗಿರ್ತಾರೆ. ನಿಮಗೂ ನನಗೂ ಎಷ್ಟು ಅಗೆದರೂ ಸಂಬಂಧ ಸಿಗ್ಲಿಕ್ಕಿಲ್ಲ. ಕೂತುಕೊಳ್ಳಿ.”

ಎಲ್ಲರಿಗೂ ನೆಂಟರು ಸಿಕ್ಕರೆ ಖುಷಿ. ನೆಂಟರಲ್ಲದವರು ಸಿಕ್ಕಿದ್ದಕ್ಕೆ ಅಷ್ಟು ಖುಷಿಪಟ್ಟವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಯಾವ ಕ್ಲಾಸಿನ ಪಾಠ?

ನನ್ನ ಮನೆಮಾತು ತುಳು, ಮೇಡಮ್ಮಿನದ್ದು ಬ್ಯಾರಿ. ಇಬ್ಬರಿಗೂ ಕನ್ನಡ ಬಂದದ್ದು ಶಾಲೆಯಿಂದ. ಹಾಗಾಗಿ ಚಿಕಿತ್ಸೆ ಕನ್ನಡದಲ್ಲಿ ಶುರುವಾಯಿತು.

“ತಂದೆಯವರ ಅಗಲಿಕೆಯ ನಂತರ ನನ್ನ ಅಂತರಂಗದಲ್ಲಿ ಒಂದು ಬಗೆಯ ಶೂನ್ಯತೆ ಆವರಿಸಿದೆ. ದೈನಂದಿನ ಕರ್ತವ್ಯಗಳನ್ನು ನಿರ್ವಹಿಸುತ್ತಿದ್ದೇನೆಯಾದರೂ ಉತ್ಸಾಹದ ಕೊರತೆ ಎದ್ದು ಕಾಣುತ್ತದೆ” ಎಂದೆ.

ಮೇಡಂ ಪೆನ್ನು ಕೆಳಗಿಟ್ಟರು. “ಒಂದು ಕೇಳ್ತೇನೆ, ಬೇಸರ ಮಾಡಬೇಡಿ. ಇದು ಯಾವ ಕ್ಲಾಸಿನ ಪಾಠ?”

ನನಗೆ ಕೋಪ ಬಂತು. ನಾನೇನು ಪರೀಕ್ಷೆ ಬರೆಯಲು ಬಂದವಳಾ? ಅವರು ಮೆಲ್ಲಗೆ ಹೇಳಿದರು, “ತುಳುವಿನಲ್ಲಿ ಹೇಳಿ ನೋಡುವ. ನನಗೆ ತುಳು ಅರ್ಥ ಆಗ್ತದೆ.”

ತುಳುವಿನಲ್ಲಿ ನನಗೆ ಬಂದದ್ದು ಒಂದೇ ಮಾತು. ಅಪ್ಪ ರಾತ್ರಿ ಮನೆಗೆ ಬರುತ್ತಿದ್ದ ನಮ್ಮ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿದರೆ ಈಗಲೂ ಬಾಗಿಲು ತೆಗೆಯಲು ಏಳುತ್ತೇನೆ ಎಂದೆ. ಅಷ್ಟೇ. ಕಟ್ಟಿಕೊಂಡದ್ದೆಲ್ಲ ಒಡೆದು ಹೋಯಿತು, ಮೇಜಿನ ಮೇಲಿದ್ದ ಕಾಗದದ ಕರವಸ್ತ್ರ ಪೂರಾ ಖಾಲಿ ಮಾಡಿದೆ. ಮೇಡಂ ತಮ್ಮ ಕಣ್ಣನ್ನೂ ಒರೆಸಿಕೊಂಡು ನನಗೆ ನೀರು ಕೊಟ್ಟರು.

“ಕನ್ನಡದಲ್ಲಿ ನೀವು ತಹಶೀಲ್ದಾರರಿಗೆ ಅರ್ಜಿ ಕೊಟ್ಟ ಹಾಗೆ ಇತ್ತು” ಎಂದರು. “ನನಗೆ ಸೀಲು ಎಲ್ಲಿ ಹೊಡೆಯುವುದು ಅಂತಲೇ ಗೊತ್ತಾಗಲಿಲ್ಲ.”

ಆನೆ

ಈಗ ನನ್ನ ಹತ್ತಿರ ಬರುವವರ ಕತೆ. ಅವರೂ ನಮ್ಮ ಕಸುಬಿನವರೇ, ಬೆಳ್ತಂಗಡಿಯಲ್ಲಿ ಹೆಸರು ಮಾಡಿದ ಚಿಕಿತ್ಸಕರು. ಮನೆ ನೆರಿಯ ಎಂಬ ಊರಿನ ಕಾಡಿನ ಅಂಚಿನಲ್ಲಿ. ಬಂದವರ ಮಾತನ್ನು ಹೊರಗೆ ಹೇಳಬಾರದಲ್ಲ ಎಂದು ನೀವು ಕೇಳಬಹುದು. ಅವರೇ ಹೇಳಿದ್ದು, “ಧಾರಾಳ ಬರೀರಿ. ನನ್ನ ಹೊಟ್ಟೆ ಸ್ವಲ್ಪ ಕಮ್ಮಿ ಮಾಡಿ ಬರೀರಿ.” ಆದ್ದರಿಂದ, ತೆಳ್ಳಗಿನ ಆ ಸಾರ್ ಬಗ್ಗೆ ಬರೆಯುತ್ತಿದ್ದೇನೆ.

ಅವರಿಗೆ ಮನೆಯಲ್ಲೂ ಚಿಕಿತ್ಸಕನ ಮಾತು ಬಿಟ್ಟು ಬೇರೆ ಮಾತು ಬಾಯಿಗೆ ಬರುತ್ತಿರಲಿಲ್ಲ. ಹೆಂಡತಿ “ಉಪ್ಪು ಮುಗಿದಿದೆ” ಅಂದರೆ ಇವರು “ಉಪ್ಪು ಮುಗಿದಾಗ ನಿನಗೆ ಏನು ಅನ್ನಿಸಿತು?” ಎಂದು ಕೇಳುತ್ತಿದ್ದರಂತೆ. ಹೆಂಡತಿಯೇ “ಯಾರಿಗಾದ್ರೂ ತೋರಿಸಿಕೊಂಡು ಬನ್ನಿ” ಎಂದು ಕಳಿಸಿದ್ದರು.

ಕಸುಬಿನವರಿಗೆ ಕಸುಬಿನವರು ಚಿಕಿತ್ಸೆ ಕೊಡುವುದು ಅಂದರೆ ಅಡಿಗೆಭಟ್ಟರಿಗೆ ಬಡಿಸಿದ ಹಾಗೆ, ಪ್ರತಿ ತುತ್ತಿಗೂ ಅಭಿಪ್ರಾಯ ಬರುತ್ತದೆ. ನಾನು ಒಂದು ಪ್ರಶ್ನೆ ಕೇಳಿದರೆ “ಈ ಪ್ರಶ್ನೆ ಒಳ್ಳೆದುಂಟು. ನಾನಾದ್ರೆ ಸ್ವಲ್ಪ ತಡೆದು ಕೇಳ್ತಿದ್ದೆ” ಅನ್ನುತ್ತಿದ್ದರು. ನಾನು ಸುಮ್ಮನಿದ್ದರೆ “ಈ ಸುಮ್ಮನಿರುವುದು ಲಾಯ್ಕ ಆಯ್ತು” ಅನ್ನುತ್ತಿದ್ದರು.

ಒಂದು ದಿನ ತುಂಬಾ ತಡವಾಗಿ ಬಂದರು. ನಮ್ಮ ಪಾಠದ ಪ್ರಕಾರ ಹೀಗೆ ತಡವಾಗಿ ಬರುವುದರ ಹಿಂದೆ ಒಳಮನಸ್ಸಿನ ಹಿಂಜರಿಕೆ ಇರುತ್ತದೆ. ಕೈಗೆ ಸಿಕ್ಕಿದರು ಅಂದುಕೊಂಡು ಧ್ವನಿ ತಗ್ಗಿಸಿ ಕೇಳಿದೆ, “ಸಾರ್, ಇಲ್ಲಿಗೆ ಬರ್ಲಿಕ್ಕೆ ಎಲ್ಲೋ ಮನಸ್ಸು ಒಪ್ಪಲಿಲ್ಲ ಅಂತ ಕಾಣ್ತದಾ?”

“ಮನಸ್ಸು ಒಪ್ಪಿತ್ತು ಮೇಡಂ” ಎಂದರು. “ಆನೆ ಒಪ್ಪಲಿಲ್ಲ. ರಸ್ತೆಗೆ ಅಡ್ಡ ನಿಂತಿತ್ತು.”

ನಮ್ಮ ಪಾಠದ ಯಾವ ಪುಸ್ತಕದಲ್ಲೂ ಆನೆ ಬರುವುದಿಲ್ಲ. ನಾನು ಸುಮ್ಮನೆ ಟೀ ತರಿಸಿದೆ. ಕೆಲವು ವಾರದ ಮೇಲೆ ಪುನಃ ತಡ ಮಾಡಿದರು. ಈ ಸಲ ನಾನೇ ಜಾಣತನ ತೋರಿಸಿ “ಆನೆ ಬಂತಾ ಸಾರ್?” ಎಂದೆ.

ಅವರು ಕುರ್ಚಿಯಲ್ಲಿ ಕೂತು ನೆಲ ನೋಡಿದರು. ಮೊದಲ ಬಾರಿಗೆ ನನ್ನ ಪ್ರಶ್ನೆಗೆ ಮಾರ್ಕು ಕೊಡಲಿಲ್ಲ. “ಇಲ್ಲ ಮೇಡಂ” ಎಂದರು. “ಇವತ್ತು ಮನಸ್ಸೇ ಅಡ್ಡ ನಿಂತದ್ದು.”

ಆವತ್ತಿನಿಂದ ಅವರ ಚಿಕಿತ್ಸೆ ನಿಜವಾಗಿ ಶುರುವಾಯಿತು. ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ಹಾಗೆ ನೆಲ ನೋಡಿ ನಿಜ ಹೇಳುವುದು ಸಣ್ಣ ಸಂಗತಿಯಲ್ಲ. ನನ್ನ ಕಸುಬಿನ ಬಗ್ಗೆ ನನಗೆ ಇಷ್ಟು ಜಂಬ ಬಂದದ್ದು ಅವರಿಂದಲೇ. ಈಗ ಮನೆಯಲ್ಲಿ ಉಪ್ಪು ಮುಗಿದರೆ ಅವರೇ ಅಂಗಡಿಗೆ ಹೋಗುತ್ತಾರೆ, ಆನೆ ಬಿಟ್ಟರೆ.

ಕಂಬ

ಮೂಡುಬಿದಿರೆಗೆ ಪದೇ ಪದೇ ಹೋಗಲು ಅಮ್ಮನಿಗೆ ಒಂದು ಕಾರಣ ಹೇಳಬೇಕಿತ್ತು. ಮೊದಲ ಸಲ ಸಾವಿರ ಕಂಬದ ಬಸದಿ ನೋಡಲು ಎಂದೆ. ಎರಡನೆಯ ಸಲ ಗೆಳತಿಗೆ ತೋರಿಸಲು ಎಂದೆ. ಮೂರನೆಯ ಸಲ ಬೇರೆ ಏನೂ ಹೊಳೆಯದೆ ಪುನಃ ಬಸದಿ ಎಂದೆ. ಊರಿಗೆಲ್ಲ ನಿಜ ಹೇಳಿಸುವವಳಿಗೆ ಒಂದು ಸರಿಯಾದ ಸುಳ್ಳು ಹೇಳಲು ಬರುವುದಿಲ್ಲ ನೋಡಿ.

ಅಪ್ಪನದ್ದು ಮೂಡುಬಿದಿರೆ ಲೈನಿನಲ್ಲಿ ಒಂದು ಖಾಸಗಿ ಬಸ್ಸು. ಅಪ್ಪ ಹೋದ ಮೇಲೆ ಅದನ್ನು ನೋಡಿಕೊಳ್ಳುವುದು ಅಮ್ಮ. ನಾನು ಬುದ್ಧಿವಂತೆಯಲ್ಲವೇ, ನಮ್ಮ ಬಸ್ಸು ಬಿಟ್ಟು ಹಿಂದಿನ ಬಸ್ಸಿಗೆ ಹತ್ತುತ್ತಿದ್ದೆ. ಆದರೆ ಒಂದು ಲೈನಿನ ಕಂಡಕ್ಟರುಗಳೆಲ್ಲ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ. ಸಿದ್ಧಕಟ್ಟೆ ದಾಟುವಾಗ ಆ ಕಂಡಕ್ಟರ್ ಬಸ್ಸಿನ ಕೊನೆಯ ಸೀಟಿಗೂ ಕೇಳುವ ಹಾಗೆ ಪ್ರೀತಿಯಿಂದ ಕೇಳಿದ, “ಅಕ್ಕ, ಇವತ್ತೂ ತಲೆ ಡಾಕ್ಟರಲ್ಲಿಗಾ? ಅವರ ಗೇಟಿನ ಹತ್ತಿರವೇ ನಿಲ್ಲಿಸ್ತೇನೆ.”

ಆ ದಿನ ಹೆದರಿಕೊಂಡೇ ಮನೆಗೆ ಬಂದೆ. ಅಮ್ಮ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

“ಬಸದಿಗಾ?”

“ಹೌದಮ್ಮ.”

“ಅಲ್ಲ, ಇಷ್ಟು ಸಲ ಹೋದೆಯಲ್ಲ” ಎಂದರು ಅಮ್ಮ. “ಆ ಸಾವಿರ ಕಂಬ ಎಣಿಸಿ ಇನ್ನೂ ಮುಗೀಲಿಲ್ವಾ?”

ಎಫ್.ಸಿ.

ಪೊಳಲಿಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಅಮ್ಮ, ನಾನು, ಎದುರಿಗೆ ದೊಡ್ಡಮ್ಮ. ಅಮ್ಮನಿಗೆ ಅಕ್ಕ ಆಗಬೇಕಾದ ಈ ದೊಡ್ಡಮ್ಮನಿಗೆ ಮಾತು ತಗ್ಗಿಸಿ ಆಡಿ ಅಭ್ಯಾಸ ಇಲ್ಲ. ಪಾಯಸ ಬರುವ ಹೊತ್ತಿಗೆ ಸರಿಯಾಗಿ ಬಾಯಿ ತೆಗೆದರು.

“ಅಲ್ಲ, ನಿನ್ನ ಮಗಳೇ ಮೂಡುಬಿದಿರೆಗೆ ತಲೆ ತೋರಿಸ್ಲಿಕ್ಕೆ ಹೋಗ್ತಾಳಂತಲ್ಲ? ಹಾಗಾದ್ರೆ ಅವಳ ಹತ್ತಿರ ಹೋಗುವವರ ಗತಿ ಎಂತ?”

ಅಕ್ಕಪಕ್ಕದ ಎಲೆಗಳಲ್ಲಿ ಕೈಗಳು ನಿಂತವು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಹೆದರಿದ್ದದ್ದು ಇದೇ ಗಳಿಗೆಗೆ. ಅಮ್ಮನ ಮುಖ ನೋಡುವ ಧೈರ್ಯ ಬರಲಿಲ್ಲ.

ಅಮ್ಮ ಪಾಯಸದ ಲೋಟ ಕೆಳಗಿಟ್ಟರು. “ಅಕ್ಕ, ನಮ್ಮ ಬಸ್ಸನ್ನು ವರ್ಷ ವರ್ಷ ಆರ್.ಟಿ.ಓ.ಗೆ ಯಾಕೆ ಕೊಂಡುಹೋಗ್ತೇವೆ ಹೇಳು.”

“ಎಫ್.ಸಿ. ಮಾಡಿಸ್ಲಿಕ್ಕೆ” ಎಂದರು ದೊಡ್ಡಮ್ಮ. ಬಸ್ಸು ಜನರನ್ನು ಕೂರಿಸಿಕೊಳ್ಳಲು ಲಾಯಕ್ಕು ಉಂಟು ಎಂದು ಬರೆದುಕೊಡುವ ಆ ಎಫ್.ಸಿ. ನಮ್ಮ ಕಡೆ ಮಕ್ಕಳಿಗೂ ಗೊತ್ತು.

“ಹಾಂ. ಎಫ್.ಸಿ. ಬೇಕಾಗುವುದು ಜನ ಕೂರುವ ಬಸ್ಸಿಗೆ. ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತ ಬಸ್ಸಿಗೆ ಯಾರೂ ಕೇಳುವುದಿಲ್ಲ. ಊರಿನವರ ಭಾರ ಎಲ್ಲ ಇವಳ ಮೇಲೆ ಕೂರ್ತದೆ. ಹಾಗಾಗಿ ಸರಿಯಾಗಿ ತೋರಿಸಿಕೊಂಡು ಬರ್ತಾಳೆ. ಡಾಕ್ಟರುಗಳೇ ಇವಳ ಹತ್ತಿರ ತೋರಿಸ್ಲಿಕ್ಕೆ ಬರ್ತಾರೆ, ಗೊತ್ತುಂಟಾ? ಇರ್ಲಿ, ನಿನ್ನದು ಎಫ್.ಸಿ. ಆಗಿ ಎಷ್ಟು ವರ್ಷ ಆಯ್ತು?”

ಪಂಕ್ತಿ ಪೂರಾ ನಕ್ಕಿತು. ನನಗೆ ನಗುವೋ ಅಳುವೋ ಗೊತ್ತಾಗದೆ ಎಲೆಯ ಮೇಲೆ ಬಗ್ಗಿದೆ. ಅಷ್ಟು ದಿನ ನಾನು ಕಾಪಾಡುತ್ತಿದ್ದ ಅಮ್ಮನ ಹೆಮ್ಮೆ ನನಗಿಂತ ಗಟ್ಟಿ ಇತ್ತು.

ಕೈ ತೊಳೆಯುವಲ್ಲಿ ದೊಡ್ಡಮ್ಮ ನನ್ನ ಪಕ್ಕ ಬಂದು, ಹುಟ್ಟಿದ ಮೇಲೆ ಮೊದಲ ಸಲ ಧ್ವನಿ ತಗ್ಗಿಸಿ ಹೇಳಿದರು, “ಮಗಾ, ನನಗೂ ರಾತ್ರಿ ನಿದ್ದೆ ಇಲ್ಲ. ನೀನೇ ಒಮ್ಮೆ ನೋಡ್ತೀಯಾ?”

ಸಂಬಂಧಿಕರನ್ನು ನಾನು ನೋಡುವ ಹಾಗಿಲ್ಲ ಎಂದೆ. ಮೂಡುಬಿದಿರೆಯ ವಿಳಾಸ ಕೊಟ್ಟೆ. ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಏನು ಹೇಳಬೇಕು ಎಂಬುದನ್ನೂ ಹೇಳಿಕೊಟ್ಟೆ.

ಜೊತೆಗೆ ಬಂದವರು

ಮುಂದಿನ ಸಲ ನಾನು ಮೂಡುಬಿದಿರೆಗೆ ಹೋದದ್ದು ನಮ್ಮದೇ ಬಸ್ಸಿನಲ್ಲಿ, ತಲೆ ಎತ್ತಿಕೊಂಡು. ಮೇಡಮ್ಮಿನ ಜಗಲಿಯ ಬೆಂಚಿನಲ್ಲಿ ದೊಡ್ಡಮ್ಮ ಕೂತಿದ್ದರು. ನನ್ನನ್ನು ನೋಡಿದ್ದೇ ಹೇಳಿಕೊಟ್ಟ ಪಾಠ ಒಪ್ಪಿಸಿದರು. “ಬಸದಿ ನೋಡ್ಲಿಕ್ಕೆ ಬಂದೆ.”

“ಆಯ್ತು ದೊಡ್ಡಮ್ಮ. ಒಳಗೆ ಹೋಗಿ ಆಯ್ತಾ?”

“ಹೋಗಿ ಎಂತ ಪ್ರಯೋಜನ?” ಎಂದರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ. “ಒಬ್ಬಳೇ ಬರ್ಲಿಕ್ಕೆ ಹೆದರಿಕೆ ಅಂತ ನಿನ್ನ ಅಮ್ಮನನ್ನು ಜೊತೆಗೆ ಕರ್ಕೊಂಡು ಬಂದೆ. ಒಳಗೆ ಹೋದ ಮೇಲೆ ನನಗೆ ಬಾಯಿ ಬಿಡ್ಲಿಕ್ಕೆ ಅವಳು ಬಿಟ್ಟರೆ ಅಲ್ವಾ? ನಾನೇ ಎದ್ದು ಬಂದೆ. ಇನ್ನೂ ಮಾತಾಡ್ತಾ ಇದ್ದಾಳೆ.”

ಮುಚ್ಚಿದ ಬಾಗಿಲಿನ ಆಚೆ ಅಮ್ಮನ ಧ್ವನಿ ಕೇಳುತ್ತಿತ್ತು. ಮಾತು ಗೊತ್ತಾಗುತ್ತಿರಲಿಲ್ಲ, ಆದರೆ ತುಳು ಎಂದು ಗೊತ್ತಾಗುತ್ತಿತ್ತು. ನಡುವೆ ಒಮ್ಮೆ ಅತ್ತರು. ಅಪ್ಪನ ಉತ್ತರಕ್ರಿಯೆಯ ಬೊಜ್ಜದ ದಿನವೂ ಬಂದವರಿಗೆಲ್ಲ ಅಳದೆ ಬಡಿಸಿದ ಅಮ್ಮ. ಒಮ್ಮೆ ನಕ್ಕದ್ದೂ ಕೇಳಿತು. ನಾನು ದೊಡ್ಡಮ್ಮನ ಪಕ್ಕ ಕೂತೆ. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡರು.

ಬಾಗಿಲು ತೆರೆಯಿತು. ಅಮ್ಮ ಕೆಂಪು ಕಣ್ಣು, ಹಗುರ ಮುಖ ಹೊತ್ತು ಹೊರಗೆ ಬಂದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, “ನಿನ್ನ ಅಪ್ಪನದ್ದು ಒಂದೆರಡು ಕಂಬ ನನಗೂ ಎಣಿಸ್ಲಿಕ್ಕೆ ಬಾಕಿ ಇತ್ತು” ಎಂದರು.

ಹಿಂದಿನಿಂದ ಬಂದ ಮೇಡಂ ಅಮ್ಮನನ್ನೂ ನನ್ನನ್ನೂ ಒಟ್ಟಿಗೆ ನೋಡಿ ನಿಂತುಬಿಟ್ಟರು. ವಿಷಯ ಅವರಿಗೆ ತಿಳಿದದ್ದೇ ಆ ಗಳಿಗೆಯಲ್ಲಿ. ಪಾಪ, ಸಂಬಂಧ ಇಲ್ಲದವಳು ಸಿಕ್ಕಿದಳು ಎಂದು ನನ್ನನ್ನು ಇಟ್ಟುಕೊಂಡವರು. ಸಂಕೋಚದಿಂದ ಅಮ್ಮನಿಗೆ ಹೇಳಿದರು, “ಅಮ್ಮಾ, ಇವರು ನಿಮ್ಮ ಮಗಳು ಅಂತ ನನಗೆ ಗೊತ್ತಿರಲಿಲ್ಲ. ತಾಯಿ, ಮಗಳು ಇಬ್ಬರನ್ನೂ ನಾನು ನೋಡುವ ಹಾಗಿಲ್ಲ. ಒಬ್ಬರು ಬೇರೆ ಕಡೆ ಹೋಗಬೇಕಾಗ್ತದೆ.”

ನಾನು ಅಮ್ಮನಿಗೆ ಸಮಾಧಾನ ಹೇಳಲು ಬಾಯಿ ತೆಗೆದೆ. ಬೇರೆ ಒಳ್ಳೆಯವರು ಇದ್ದಾರೆ, ನಾನೇ ಹುಡುಕಿ ಕೊಡುತ್ತೇನೆ ಎನ್ನುವವಳಿದ್ದೆ.

ಅಮ್ಮ ಬೆಂಚಿನ ಮೇಲಿದ್ದ ಕೊಡೆ ತೆಗೆದುಕೊಂಡು, ಮೇಡಮ್ಮಿಗೆ ಮುಂದಿನ ವಾರವೂ ಇದೇ ಹೊತ್ತಿಗೆ ಬರುತ್ತೇನೆ ಎಂದು ತಿಳಿಸಿ, ನನ್ನ ಕಡೆ ಕೈ ತೋರಿಸಿದರು.

“ಅದಕ್ಕೆಂತ ಯೋಚನೆ? ಅವಳು ಬೇರೆ ಕಡೆ ಹೋಗ್ಲಿ. ಅವಳದ್ದು ಹೇಗೂ ಎಫ್.ಸಿ. ಆಗಿ ಉಂಟಲ್ಲ.”